ದಾರದ ಇನ್ನೊಂದು ತುದಿ

ನಮ್ಮ ಬೀದಿಯ ಕೊನೆಯಲ್ಲಿ ತಗಡಿನ ಚಾವಣಿಯ ಒಂದು ಶೆಡ್ಡು ಇದೆ. ಡಿಕ್ಕಿ ಹೊಡೆದು, ಹಳ್ಳಕ್ಕೆ ಬಿದ್ದು, ಅಥವಾ ಕೇವಲ ವಯಸ್ಸಾಗಿ ಚಾಸಿ ಬಾಗಿದ ಗಾಡಿಗಳು ಅಲ್ಲಿಗೆ ಬರುತ್ತವೆ. ಬಾಗಿಲು, ದೀಪ, ಬಣ್ಣ ಇವೆಲ್ಲ ಗಾಡಿಯ ಉಡುಗೆ ತೊಡುಗೆ. ಚಾಸಿ ಅದರ ಬೆನ್ನೆಲುಬು. ಉದ್ದಕ್ಕೆ ಎರಡು ಉಕ್ಕಿನ ತೊಲೆ, ಅಡ್ಡಕ್ಕೆ ನಾಲ್ಕೈದು ಪಟ್ಟಿ, ಇಷ್ಟೇ ಅದರ ಸ್ವರೂಪ. ಅದು ನೆಟ್ಟಗಿದ್ದರೆ ಗಾಡಿ ನೆಟ್ಟಗೆ ಓಡುತ್ತದೆ. ಅದು ಸೊಟ್ಟಗಾದರೆ ಮೇಲೆ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ. ಶೆಡ್ಡಿನ ಒಡೆಯನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಾರೆ. ಆದರೆ ನಾನು ಬರೆಯಹೊರಟಿರುವುದು ಮೇಸ್ತ್ರಿಯನ್ನು ಕುರಿತಲ್ಲ, ಆತನ ಹೆಂಡತಿಯನ್ನು ಕುರಿತು.

ಆಕೆ ಮದುವೆಯಾಗಿ ಈ ಬೀದಿಗೆ ಬಂದದ್ದು 1986ನೆಯ ಇಸವಿ ಮೇ 22ರಂದು. ಶೆಡ್ಡಿನೊಳಗೆ ಮೊದಲು ಕಾಲಿಟ್ಟದ್ದು 1987ರ ಜೂನ್ 1ರಂದು. ಮೇಸ್ತ್ರಿಯ ಅಳತೆಗೆ ಎರಡನೆಯ ಕೈ ಬೇಕಿತ್ತು, ಅಷ್ಟೇ ಕಾರಣ. ದೊಡ್ಡ ಕಾರ್ಖಾನೆಗಳಲ್ಲಿ ಚಾಸಿ ಅಳೆಯಲು ಯಂತ್ರಗಳಿವೆಯಂತೆ. ಇಲ್ಲಿರುವುದು ಗೋಡೆ ಕಟ್ಟುವವರು ಬಳಸುವಂಥ ಒಂದು ಮೊನೆಯ ತೂಗುಗುಂಡು, ಸೀಮೆಸುಣ್ಣ ಮತ್ತು ಮೇಣ ಸವರಿದ ದಾರ. ಗಾಡಿಯನ್ನು ಮರದ ದಿಮ್ಮಿಗಳ ಮೇಲೆ ಸಮವಾಗಿ ನಿಲ್ಲಿಸಿ, ಚಾಸಿಯ ನಾಲ್ಕು ಮೂಲೆಗಳಿಂದ ಗುಂಡನ್ನು ಇಳಿಬಿಟ್ಟು, ಅದರ ಮೊನೆ ತೋರಿದಲ್ಲಿ ನೆಲದ ಮೇಲೆ ಗುರುತು ಹಾಕುತ್ತಾರೆ. ಮುಂದಿನ ಎಡ ಗುರುತಿನಿಂದ ಹಿಂದಿನ ಬಲ ಗುರುತಿಗೆ ದಾರ ಎಳೆದು, ಅದು ಮುಟ್ಟಿದಲ್ಲಿ ಗಂಟು ಹಾಕುತ್ತಾರೆ. ಅದೇ ದಾರವನ್ನು ಇನ್ನೆರಡು ಗುರುತುಗಳಿಗೆ ಹಿಡಿದಾಗ ಗಂಟು ಗುರುತಿನ ಮೇಲೆಯೇ ಕೂತರೆ ಚಾಸಿ ಚೌಕವಾಗಿದೆ. ಕೂರದಿದ್ದರೆ ಒಂದು ತೊಲೆ ಇನ್ನೊಂದಕ್ಕಿಂತ ಹಿಂದೆ ಸರಿದಿದೆ ಎಂದು ಅರ್ಥ.

ದಾರದ ಒಂದು ತುದಿ ಮೇಸ್ತ್ರಿಯದು, ಇನ್ನೊಂದು ಆಕೆಯದು. ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಕೈ ಬದಲಾದರೆ ಎಳೆತ ಬದಲಾಗುತ್ತದೆ, ಎಳೆತ ಬದಲಾದರೆ ದಾರ ಸುಳ್ಳು ಹೇಳುತ್ತದೆ ಎಂಬುದು ಅಲ್ಲಿನ ಕಟ್ಟಳೆ. ಹೀಗಾಗಿ ಆಕೆ ಎಲ್ಲರ ಬಾಯಲ್ಲಿ ದಾರದಕ್ಕ ಆದಳು. ಅಳತೆಯ ಅಂಕೆಗಳನ್ನು ಹಲಗೆಯ ಮೇಲೆ ಬರೆಯುವ ಕೆಲಸ, ತಾಂತ್ರಿಕ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ನಿವೃತ್ತನಾದ ಮೇಲೆ ನನ್ನ ಪಾಲಿಗೆ ಬಂತು. ಆದ್ದರಿಂದ ಕೆಳಗಿನ ತಾರೀಕುಗಳನ್ನು ನಂಬಬಹುದು.

ದಾರದಕ್ಕನ ಬೆನ್ನಿಗೆ ಬಿದ್ದವನು ಒಬ್ಬನೇ ತಮ್ಮ. ಗಾಜಿನ ವ್ಯಾಪಾರ ಅವನದು. 1997ರ ನವೆಂಬರ್ 17ರಂದು ಕೊಂಡ ಪಿಕಪ್ ಗಾಡಿಯ ಹಿಂದೆ ಮರದ ಚೌಕಟ್ಟು ಕಟ್ಟಿಸಿ, ಕಿಟಕಿ ಗಾಜುಗಳನ್ನು ನಿಲ್ಲಿಸಿ ಬಿಗಿದು, ದಿನವೂ ಬೆಳಿಗ್ಗೆ ಕಲ್ಲುಗಣಿಯ ಇಳಿಜಾರಿನಲ್ಲಿ ಇಳಿಯುತ್ತಾನೆ. ಆ ರಸ್ತೆಯ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಎಪ್ಪತ್ತು ಅಡಿ ಆಳ, ನಡುವೆ ಮೂರು ತಿರುವು. 2023ರ ಫೆಬ್ರವರಿಯಲ್ಲಿ ಅವನ ಮೂರು ಗಾಜು ಒಡೆದವು: ಎರಡರಂದು ಒಂದು, ಹದಿಮೂರರಂದು ಒಂದು, ಇಪ್ಪತ್ತೇಳರಂದು ಒಂದು. ಯಾರೂ ಮುಟ್ಟಿರಲಿಲ್ಲ, ಏನೂ ತಾಗಿರಲಿಲ್ಲ. ಮೂರೂ ಸೀಳಿದ್ದು ಹಿಂದಿನ ಎಡ ಮೂಲೆಯಿಂದ. ಮೂರನೆಯದು ಒಡೆದ ದಿನ ಎರಡನೆಯ ತಿರುವಿನಲ್ಲಿ ಬ್ರೇಕು ಒತ್ತಿದಾಗ ಸ್ಟೀರಿಂಗ್ ತಾನಾಗಿಯೇ ಆಳದ ಕಡೆಗೆ ಎಳೆಯಿತಂತೆ.

ಮಾರ್ಚ್ 9, ಗುರುವಾರ ಅವನು ಗಾಡಿಯನ್ನು ಶೆಡ್ಡಿಗೆ ತಂದ. ಸೋಮವಾರ 13ರಂದು ಹತ್ತೂವರೆಗೆ ಗಾಡಿಯ ಯೋಗ್ಯತಾ ಪರೀಕ್ಷೆ. ಅಷ್ಟು ಹಳೆಯ ಗಾಡಿಗೆ ಎರಡನೆಯ ಅವಕಾಶವಿಲ್ಲ; ತಪ್ಪಿದರೆ ನೇರ ಗುಜರಿಗೆ.

ಮೇಸ್ತ್ರಿ ಬಗ್ಗಿ ಸುತ್ತಿಗೆಯಿಂದ ಚಾಸಿಯನ್ನು ನಾಲ್ಕು ಕಡೆ ಬಡಿದು ಕೇಳಿದ. "ಸದ್ದು ಗಂಟೆ ಹಾಗಿದೆ, ಚಾಸಿಗೇನಾಗಿಲ್ಲ. ಸ್ಪ್ರಿಂಗಿನ ರಬ್ಬರ್ ಬುಷ್ ಸವೆದಿದೆ, ಬದಲಾಯಿಸಿದ್ರೆ ಮುಗೀತು" ಎಂದ.

"ದಾರ ಹಿಡಿಯಲ್ವಾ?" ಎಂದು ದಾರದಕ್ಕ ಕೇಳಿದಳು.

"ಇದಕ್ಕೆ ಯಾಕೆ ದಾರ?"

ಮೂವತ್ತಾರು ವರ್ಷಗಳಲ್ಲಿ ಮೇಸ್ತ್ರಿ ದಾರ ಬೇಡವೆಂದದ್ದು ಅದೇ ಮೊದಲು. ದಾರದಕ್ಕ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಗೂಟದಿಂದ ದಾರವನ್ನು ತಾನೇ ತೆಗೆದು, ಒಂದು ತುದಿಯನ್ನು ಗಂಡನ ಮುಂದೆ ಚಾಚಿ ನಿಂತಳು. ಆತ ಹಿಡಿಯಲೇಬೇಕಾಯಿತು. ಗಂಟು ಗುರುತಿಗೆ ಹನ್ನೊಂದು ಮಿಲಿಮೀಟರು ಕಡಿಮೆ ಬಂತು. ಮೂರು ಸಲ ಎಳೆದರು. ಮೂರು ಸಲವೂ ಹನ್ನೊಂದು.

"ಇಪ್ಪತ್ತೈದು ವರ್ಷದ ಗಾಡಿ ಇದು. ಕಂಬಳಿ ಮೇಲೆ ಊಟಕ್ಕೆ ಕೂತು ಕೂದಲು ಆರಿಸ್ತೀನಿ ಅಂದ್ರೆ ಆಗುತ್ತಾ?" ಎಂದ ಮೇಸ್ತ್ರಿ.

"ಊಟ ಮಾಡೋನು ನನ್ನ ತಮ್ಮ. ಕೂದಲು ಅವನ ಗಂಟಲಿಗೆ ಸಿಗೋದು ಬೇಡ" ಎಂದು ಹೇಳಿ ದಾರದಕ್ಕ ಬ್ಯಾಟರಿ ದೀಪ ಹಿಡಿದು ಗಾಡಿಯ ಕೆಳಗೆ ತೂರಿದಳು.

ಚಾಲಕನ ಕೋಣೆಯ ಹಿಂಬದಿಗೆ, ಎಡ ತೊಲೆಯ ಮೇಲೆ, ಹಳೆಯ ತೇಪೆಯೊಂದಿತ್ತು. ಗೇಣುದ್ದದ ಉಕ್ಕಿನ ಹಲಗೆ, ನಾಲ್ಕೂ ಬದಿಗೆ ಬೆಸುಗೆ. ಅದರ ಎರಡೂ ತುದಿಗಳಲ್ಲಿ ಬೆಸುಗೆಯ ಗೆರೆ ಮೇಲಿಂದ ಕೆಳಗೆ ನೇರವಾಗಿ ಇಳಿದಿತ್ತು. ಚಾಸಿ ಕೆಲಸ ಬಲ್ಲವರು ಹಾಗೆ ಮಾಡುವುದಿಲ್ಲ. ತೊಲೆಗೆ ಅಡ್ಡವಾಗಿ ನೇರ ಗೆರೆ ಎಳೆದರೆ, ಮಡಿಸಿದ ಕಾಗದ ಮಡಿಕೆಯಲ್ಲೇ ಹರಿಯುವ ಹಾಗೆ, ಉಕ್ಕು ಆ ಗೆರೆಯಲ್ಲೇ ಬಿರಿಯುತ್ತದೆ. ದಾರದಕ್ಕ ತಂತಿಯ ಬ್ರಷ್ಷಿನಿಂದ ಅಲ್ಲಿನ ಬಣ್ಣ ಉಜ್ಜಿ ತೆಗೆದು, ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉದುರಿಸಿದಳು. ಕಣ್ಣಿಗೆ ಕಾಣದ ಬಿರುಕಿದ್ದರೆ ಎಣ್ಣೆ ಅದರೊಳಗೆ ಇಳಿದು, ಆಮೇಲೆ ಮೆಲ್ಲಗೆ ಹೊರಬಂದು ಪುಡಿಯನ್ನು ನೆನೆಸುತ್ತದೆ. ಇಪ್ಪತ್ತು ನಿಮಿಷ ಕಾಯಬೇಕು. ಹದಿನಾಲ್ಕನೆಯ ನಿಮಿಷಕ್ಕೇ ಬಿಳಿಯ ಮೇಲೆ ಕಪ್ಪು ಎಳೆಯೊಂದು ಮೂಡಿತು. ಕೆಳಗಿನ ಅಂಚಿನಿಂದ ಹೊರಟು ಬೆಸುಗೆಯ ಮಗ್ಗುಲಲ್ಲೇ ಏರಿತ್ತು. ತೊಲೆಯ ಎತ್ತರ ಐದು ಬೆರಳು. ಅದರಲ್ಲಿ ಮೂರು ಬೆರಳು ಸೀಳಿತ್ತು. ತಮ್ಮ ದಿನವೂ ಇಳಿಜಾರಿನಲ್ಲಿ ಇಳಿಯುತ್ತಿದ್ದದ್ದು ಉಳಿದೆರಡು ಬೆರಳ ಉಕ್ಕಿನ ಮೇಲೆ.

ಆಕೆ ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ತೇಪೆ ಯಾರು ಹಾಕಿದ್ದು?"

"ಯಾರೋ ಹಾಕಿದ್ದಾರೆ. ನನ್ನನ್ಯಾಕೆ ನೋಡ್ತೀಯ?" ಎಂದ ಮೇಸ್ತ್ರಿ. ಆಕೆ ಆತನನ್ನು ನೋಡಿರಲೇ ಇಲ್ಲ, ತಮ್ಮನನ್ನು ನೋಡಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ.

ತಮ್ಮನಿಗೆ ಇದಾವುದೂ ತಿಳಿಯದು. "ಭಾವನೇ ಅಲ್ವೇನಕ್ಕ ಹಾಕಿದ್ದು? ನೀನಾಗ ಮುನಿಸ್ಕೊಂಡು ನಮ್ಮನೇಲಿದ್ದೆ" ಎಂದುಬಿಟ್ಟ.

ಆ ಮುನಿಸು ನಮ್ಮ ಬೀದಿಗೆಲ್ಲ ಗೊತ್ತಿರುವುದೇ. 2004ನೆಯ ಇಸವಿ ಆಗಸ್ಟ್ 2, ಸೋಮವಾರ. ಶೆಡ್ಡಿನಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಅವರಲ್ಲೊಬ್ಬ ದಾರದಕ್ಕನ ಕೈಚಳಕವನ್ನು ಹೊಗಳಿದ. ಹೊಗಳಿಕೆ ಹೆಂಡತಿಯ ಪಾಲಾದದ್ದು ಮೇಸ್ತ್ರಿಗೆ ಸಹಿಸಲಾಗಲಿಲ್ಲ. "ದಾರ ಹಿಡಿಯೋದೇನು ಮಹಾ? ಒಂದು ಇಟ್ಟಿಗೆ ಕಟ್ಟಿದ್ರೆ ಅದೂ ಹಿಡಿಯುತ್ತೆ" ಎಂದ. ನಾಲ್ವರೂ ನಕ್ಕರು. ದಾರದಕ್ಕ ತುದಿಯನ್ನು ನೆಲದ ಮೇಲಿಟ್ಟು, ಕೈ ತೊಳೆದು, ತಮ್ಮನ ಮನೆಗೆ ಹೋದಳು. ಹಿಂದಿರುಗಿದ್ದು 13ರಂದು, ಶುಕ್ರವಾರ. ನಡುವೆ ಹನ್ನೊಂದು ದಿನ. ಆ ದಿನಗಳಲ್ಲಿ ತಮ್ಮ ತನ್ನ ಪಿಕಪ್ಪನ್ನು ಮರಕ್ಕೆ ಗುದ್ದಿಸಿಕೊಂಡು ಭಾವನ ಬಳಿಗೆ ತಂದಿದ್ದ. ರಿಪೇರಿಯೂ ಆಗಲಿ, ರಾಜಿಯೂ ಆಗಲಿ ಎಂಬ ಲೆಕ್ಕಾಚಾರ. ಮೇಸ್ತ್ರಿ ತೇಪೆ ಹಾಕಿದ್ದು 9ರಂದು. ಆತ ಹತ್ತು ಎನ್ನುತ್ತಾನೆ. ಹತ್ತು ಮಂಗಳವಾರ, ಶೆಡ್ಡಿಗೆ ರಜೆ.

ಈಗ ದಾರದಕ್ಕ ಗಂಡನನ್ನೇ ನೋಡಿ ಕೇಳಿದಳು: "ಅವತ್ತು ದಾರ ಹಿಡಿದ್ರಾ?"

"ಹಿಡಿದೆ."

"ಇನ್ನೊಂದು ತುದಿ ಯಾರು ಹಿಡಿದ್ರು?"

ಮೇಸ್ತ್ರಿ ಸುತ್ತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಆಮೇಲೆ ಶೆಡ್ಡಿನ ಬಾಗಿಲ ಕಡೆಗೆ ಗದ್ದ ತೋರಿಸಿದ. ಬಾಗಿಲು ಮುಚ್ಚಿಕೊಳ್ಳದಂತೆ ಅಲ್ಲೊಂದು ಇಟ್ಟಿಗೆಯನ್ನು ಒತ್ತುಕೊಟ್ಟು ಇಟ್ಟಿದ್ದರು. ನಾನು ಬಲ್ಲಂದಿನಿಂದ ಅದು ಅಲ್ಲಿಯೇ ಇತ್ತು.

"ಇಟ್ಟಿಗೆ" ಎಂದ.

ಯಾರೂ ನಗಲಿಲ್ಲ. ದಾರ ಎಳೆದಾಗ ಇಟ್ಟಿಗೆ ಜರುಗಿತ್ತು, ಜರುಗಿದ್ದನ್ನು ಅದು ಹೇಳಲಿಲ್ಲ. ಗಂಟು ಎರಡೂ ಕಡೆ ಸರಿಯಾಗಿ ಕೂತಂತೆ ಕಂಡಿತು. ಸೊಟ್ಟ ತೊಲೆಯನ್ನು ಸೊಟ್ಟಗಿರುವಂತೆಯೇ ಮೇಸ್ತ್ರಿ ಬೆಸೆದುಬಿಟ್ಟಿದ್ದ, ಅದೂ ಸಿಟ್ಟಿನ ಕೈಯಿಂದ, ನೇರ ಗೆರೆಯಲ್ಲಿ. ಹದಿನೆಂಟೂವರೆ ವರ್ಷ ಆ ಉಕ್ಕು ಒಳಗೊಳಗೇ ಸೆಟೆದುಕೊಂಡಿತ್ತು.

"ನಾನಾಗಿದ್ರೆ ಜರುಗಿದೆ ಅಂತ ಕೂಗ್ತಿದ್ದೆ" ಎಂದಳು ದಾರದಕ್ಕ, ಅಷ್ಟೇ.

ತಮ್ಮ ಮೂರು ಬೆರಳ ಕಪ್ಪು ಎಳೆಯನ್ನು ನೋಡಿ ಬಂದಿದ್ದ. ಅವನ ಪಾಲಿಗೆ ಅತ್ತ ದರಿ, ಇತ್ತ ಪುಲಿ. "ಭಾವ, ಹೀಗೆ ಮಾಡಿ. ಮೇಲೊಂದು ಬೆಸುಗೆ ಎಳೆದು ಬಣ್ಣ ಹೊಡೀರಿ. ಸೋಮವಾರ ಒಂದು ದಾಟಿಬಿಡಲಿ. ಆಮೇಲೆ ನಿಧಾನಕ್ಕೆ ಬಿಚ್ಚೋಣ" ಎಂದ.

"ದಾಟಬೇಕಾಗಿರೋದು ಸೋಮವಾರ ಅಲ್ಲ ಕಣೋ, ಇಳಿಜಾರು. ಪರೀಕ್ಷೆಯ ಜಾಗ ಇರೋದೇ ಇಳಿಜಾರಿನ ಬುಡದಲ್ಲಿ" ಎಂದಳು ಅಕ್ಕ.

ಮೇಸ್ತ್ರಿ ಮೆಲ್ಲಗೆ ಹೇಳಿದ: "ಬಿಚ್ಚಿದ್ರೆ ತೊಲೆ ಎರಡು ತುಂಡಾಗುತ್ತೆ. ಇನ್ನು ಎರಡೇ ದಿನ. ಎರಡಾಗಿದ್ದು ಒಂದಾಗದೇ ಹೋದ್ರೆ ಗಾಡಿ ಗುಜರಿಗೆ."

"ಹೋಗಲಿ. ಇವನು ಹೋಗೋದಕ್ಕಿಂತ ಗಾಡಿ ಹೋಗಲಿ."

ಡೀಸೆಲ್ ಟ್ಯಾಂಕನ್ನು ಇಳಿಸಿ ದೂರ ಇಟ್ಟರು, ವೈರುಗಳನ್ನು ಬಿಚ್ಚಿದರು, ಹಿಂದಿನ ಮರದ ಚೌಕಟ್ಟನ್ನು ಇಳಿಸಿದರು. ಶುಕ್ರವಾರ ಮುಗಿಯಿತು.

ಮಾರ್ಚ್ 11, ಶನಿವಾರ, ಎಂಟು ಗಂಟೆ ಹತ್ತು ನಿಮಿಷಕ್ಕೆ ಮೇಸ್ತ್ರಿ ತೇಪೆಯ ಬೆಸುಗೆಯನ್ನು ಗ್ರೈಂಡರಿನಿಂದ ಕೊಯ್ಯತೊಡಗಿದ. ಮೂರು ಬದಿ ಸುಮ್ಮನೆ ಬಿಟ್ಟುಕೊಟ್ಟವು. ನಾಲ್ಕನೆಯದು ಇನ್ನೂ ಅರ್ಧ ಇದ್ದಾಗ ಉಳಿದದ್ದು ತಾನಾಗಿಯೇ ಹರಿಯಿತು. ತೇಪೆಯ ಹಲಗೆ ಬಂದೂಕಿನಂತೆ ಸದ್ದು ಮಾಡಿ ಮೇಸ್ತ್ರಿಯ ಕಿವಿಯ ಪಕ್ಕದಿಂದ ಹಾರಿ ತಗಡಿಗೆ ಬಡಿಯಿತು. ಅದರ ಹಿಂದೆಯೇ ತೊಲೆಯ ಉಳಿದೆರಡು ಬೆರಳೂ ಸೀಳಿ, ಗಾಡಿ ದಿಮ್ಮಿಗಳ ಮೇಲೆ ಒಮ್ಮೆ ನಡುಗಿತು. ಇಳಿಜಾರಿನಲ್ಲಿ ಆಗಬೇಕಾಗಿದ್ದದ್ದು ಶೆಡ್ಡಿನಲ್ಲಿ ಆಗಿತ್ತು.

"ಮುಟ್ಟಿ ನೋಡ್ಕೊಳ್ಳಿ, ಕಿವಿ ಇದೆಯಾ" ಎಂದಳು ದಾರದಕ್ಕ.

"ಇದೆ. ನಿನ್ನ ಬೈಗುಳ ಕೇಳೋಕೆ ಬೇಕಲ್ಲ."

ದಾರ ಹಿಡಿದರು. ಬಿಗಿ ಸಡಿಲವಾಗಿ ತೊಲೆ ತಾನಾಗಿ ನಾಲ್ಕು ಮಿಲಿಮೀಟರು ಮುಂದೆ ಬಂದಿತ್ತು. ಇನ್ನು ಏಳು ಬಾಕಿ. ಅದನ್ನು ಎಳೆದೇ ತರಬೇಕು. ತೊಲೆಯ ಹಿಂದಿನ ತುಂಡಿಗೆ ಸರಪಳಿ ಬಿಗಿದು, ಅದನ್ನು ನೆಲದಲ್ಲಿ ಹೂತ ಉಕ್ಕಿನ ಬಳೆಗೆ ಸಿಕ್ಕಿಸಿ, ನಡುವೆ ಜಾಕು ಇಟ್ಟು ಒತ್ತುತ್ತಾರೆ. ಕಾಯಿಸಿ ಎಳೆದರೆ ಸುಲಭ, ಆದರೆ ಬೆಂಕಿ ಕಂಡ ಹಳೆಯ ಉಕ್ಕು ಮೆತ್ತಗಾಗುತ್ತದೆ. ಆದ್ದರಿಂದ ತಣ್ಣಗೇ ಎಳೆಯಬೇಕು. ತಣ್ಣಗೆ ಎಳೆದ ಉಕ್ಕು ಬಿಟ್ಟೊಡನೆ ಒಂದಿಷ್ಟು ಹಿಂದಕ್ಕೆ ಹೋಗುತ್ತದೆ. ಆದ್ದರಿಂದ ಗುರುತನ್ನು ದಾಟಿಸಿ ಎಳೆಯಬೇಕು. ಎಷ್ಟು ದಾಟಿಸಬೇಕೆಂಬುದು ಯಾವ ಪುಸ್ತಕದಲ್ಲೂ ಇಲ್ಲ. ತೊಲೆಯ ಮೂಲೆಯಿಂದ ಇಳಿಬಿಟ್ಟ ಗುಂಡಿನ ಮೊನೆ ನೆಲದ ಗುರುತಿನ ಕಡೆಗೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಯುವುದನ್ನು ಒಬ್ಬರು ಹೊಟ್ಟೆಯ ಮೇಲೆ ಮಲಗಿ ನೋಡುತ್ತಿರಬೇಕು. ಆ ಜಾಗ ಸರಪಳಿಯಿಂದ ಎರಡೇ ಅಡಿ ದೂರ. ಸರಪಳಿ ಹರಿದರೆ ಅದು ಯಾರ ಮುಖವನ್ನೂ ನೋಡುವುದಿಲ್ಲ.

"ಅಕ್ಕ, ನಾನು ಮಲಗ್ತೀನಿ. ನನ್ನ ಗಾಡಿ" ಎಂದ ತಮ್ಮ.

"ನಿನಗೆ ಗಾಜು ನೋಡಿ ಅಭ್ಯಾಸ. ಯಾವುದನ್ನ ನೋಡಿದ್ರೂ ಅದರ ಆಚೆಗೆ ನೋಡ್ತೀಯ" ಎಂದು ದಾರದಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಲಗಿದಳು.

ಸರಪಳಿಯ ಮೇಲೆ ಒದ್ದೆ ಗೋಣಿಗಳನ್ನೂ ಅವುಗಳ ಮೇಲೆ ಒಂದು ಹಳೆಯ ಟೈರನ್ನೂ ಹೇರಿದರು, ಹರಿದರೂ ಹಾರದಿರಲೆಂದು. ಮೇಸ್ತ್ರಿ ಜಾಕಿನ ಹಿಡಿಯನ್ನು ಒತ್ತಿದ. ಸರಪಳಿ ಬಿಗಿಯಿತು. ಇನ್ನೊಮ್ಮೆ ಒತ್ತಿದ. ತಗಡಿನ ಚಾವಣಿ ಬಿಸಿಲಿಗೆ ಸಿಡಿಯುವ ಸದ್ದು ಕೇಳಿಸುತ್ತಿತ್ತು.

"ಒಂದು ಬಂತು" ಎಂದಳು. "ಎರಡು. ನಿಲ್ಲಿಸಬೇಡಿ. ಮೂರು."

ಮೇಸ್ತ್ರಿಯ ಕಣ್ಣು ಟೈರಿನ ಪಕ್ಕದಿಂದ ಇಣುಕುತ್ತಿದ್ದ ಒಂದು ಕೊಂಡಿಯ ಮೇಲಿತ್ತು. ಆತನ ಕೈ ನಿಂತಿತು. ಕೊಂಡಿಯ ಬಾಯಿ ಬತ್ತದ ಕಾಳು ತೂರುವಷ್ಟು ತೆರೆದಿತ್ತು.

"ಅಲುಗಬೇಡ" ಎಂದ. "ಕೊಂಡಿ ಬಾಯಿ ಬಿಡ್ತಿದೆ. ಇಳಿಸ್ತಾ ಇದ್ದೀನಿ."

"ಇಳಿಸಿ. ಅವಸರ ಬೇಡ" ಎಂದಳು ಆಕೆ, ಕಣ್ಣನ್ನು ಮೊನೆಯಿಂದ ತೆಗೆಯದೆ. ಸರಪಳಿ ಪೂರಾ ಸಡಿಲಾಯಿತು. ಹಲಗೆಯ ಮೇಲೆ ನಾನು ಬರೆದ ಸಮಯ 11.40. ಅದರ ಮುಂದಿನ ಅಕ್ಷರಗಳು ನನಗೇ ಓದಲು ಬರುತ್ತಿಲ್ಲ.

ಹೊಸ ಸರಪಳಿ ತರಲು ತಮ್ಮ ಓಡಿದ. ಅವನು ಮರಳಿ ಬರುವವರೆಗೆ ಗಂಡ ಹೆಂಡತಿ ಇಬ್ಬರೂ ಗೋಡೆಗೆ ಒರಗಿ ಕೂತು ನೀರು ಕುಡಿದರು. ಮೇಸ್ತ್ರಿ ಏನನ್ನೋ ಹೇಳಲು ಎರಡು ಸಲ ಬಾಯಿ ತೆರೆದ. ಎರಡನೆಯ ಸಲ ದಾರದಕ್ಕ, "ಈಗ ಬೇಡ. ಮೊದಲು ತೊಲೆ" ಎಂದಳು.

ಎರಡನೆಯ ಎಳೆತ ಮೂರು ಗಂಟೆಗೆ, ಜೋಡಿ ಸರಪಳಿಯಿಂದ. ಮೊನೆ ಏಳನ್ನು ಮುಟ್ಟಿತು, ಎಂಟಾಯಿತು, ಒಂಬತ್ತಾಯಿತು.

"ಸಾಕಾ?" ಎಂದ ಮೇಸ್ತ್ರಿ. ಬೆವರು ಆತನ ಮೂಗಿನಿಂದ ತೊಟ್ಟಿಕ್ಕುತ್ತಿತ್ತು.

"ಇನ್ನೆರಡು ದಾರದ ದಪ್ಪ."

"ಗ್ಯಾರಂಟಿನಾ?"

"ಇಟ್ಟಿಗೆನ ಕೇಳಿ."

ಮೇಸ್ತ್ರಿ ಒತ್ತಿದ. ಹಾಗೆಯೇ ಹತ್ತು ನಿಮಿಷ ಹಿಡಿದು, 3.25ಕ್ಕೆ ಜಾಕನ್ನು ಇಳಿಸಿದ. ಮೊನೆ ಹಿಂದೆ ಬಂತು, ಬಂತು, ಗುರುತಿನ ನಡುವೆ ಬಂದು ನಿಂತಿತು. ದಾರದಕ್ಕ ಏಳಲಿಲ್ಲ. ಹಾಗೆಯೇ ನೆಲಕ್ಕೆ ಕೆನ್ನೆಯೊತ್ತಿ ಸ್ವಲ್ಪ ಹೊತ್ತು ಮಲಗಿದ್ದಳು.

ಭಾನುವಾರವೆಲ್ಲ ಬೆಸುಗೆ. ಸೀಳಿದ ಅಂಚುಗಳನ್ನು ಇಳಿಜಾರಾಗಿ ಉಜ್ಜಿ, ಒಂದು ಅಂಗುಲ ಈ ಕಡೆ, ಒಂದು ಅಂಗುಲ ಆ ಕಡೆ, ನಡುನಡುವೆ ಕೈ ಇಡುವಷ್ಟು ತಣ್ಣಗಾಗಲು ಬಿಟ್ಟು ಮೇಸ್ತ್ರಿ ಬೆಸೆದ. ಮೇಲೆ ಹಾಕಿದ ಹೊಸ ಹಲಗೆಯ ತುದಿಗಳನ್ನು ಈ ಸಲ ಎಲೆಯ ತುದಿಯಂತೆ ಓರೆಯಾಗಿ ಕತ್ತರಿಸಿದ್ದ. ತಮ್ಮ ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದ. "ಫ್ಯಾನ್ ಹಾಕಿದ್ರೆ ಬೇಗ ತಣ್ಣಗಾಗಲ್ವಾ ಭಾವ?" ಎಂದು ಕೇಳಿದ್ದಕ್ಕೆ ಮೇಸ್ತ್ರಿ, "ಬಾಣಂತಿಗೆ ಗಾಳಿ ಬಿಡ್ತಾರಾ?" ಎಂದ. ಸಂಜೆ ಐದೂಮುಕ್ಕಾಲಿಗೆ ಸೀಮೆಎಣ್ಣೆ, ಸುಣ್ಣದ ಪುಡಿ. ಇಪ್ಪತ್ತು ನಿಮಿಷ ನಾಲ್ವರೂ ಬಗ್ಗಿ ನೋಡಿದೆವು. ದಾರದಕ್ಕ ಇನ್ನೂ ಹತ್ತು ನಿಮಿಷ ಹೆಚ್ಚಿಗೆ ಕಾಯಿಸಿದಳು. ಪುಡಿ ಒಣಗಿಯೇ ಇತ್ತು.

ಆಗ ಮೇಸ್ತ್ರಿ ತಾನೇ ಹೋಗಿ ಗೂಟದಿಂದ ದಾರ ತಂದ. ಗಂಟಿನ ಕಡೆಯ ತುದಿ ಯಾವಾಗಲೂ ಆತನದೇ. ಅಂದು ಅದನ್ನು ಹೆಂಡತಿಯ ಕೈಗೆ ಕೊಟ್ಟು, ತಾನು ಇನ್ನೊಂದನ್ನು ಹಿಡಿದು ಕೂತ. ಗಂಟು ಗುರುತಿನ ಮೇಲೆ ಕೂತಿತು. "ಸೊನ್ನೆ ಬರೀರಿ ಮೇಷ್ಟ್ರೇ" ಎಂದಳು ದಾರದಕ್ಕ.

ಅಂದು ರಾತ್ರಿಯೇ ಬಣ್ಣ ಬಳಿದು, ಟ್ಯಾಂಕು, ವೈರು, ಚೌಕಟ್ಟುಗಳನ್ನು ಮತ್ತೆ ಕೂರಿಸಿದರು. ಸೋಮವಾರದ ಸಂಗತಿಯನ್ನು ತಮ್ಮ ಹೇಳಿದಂತೆ ಬರೆಯುತ್ತೇನೆ; ನಾನು ಗಾಡಿಯಲ್ಲಿರಲಿಲ್ಲ. ಒಂಬತ್ತು ಗಂಟೆಗೆ ಅವನು ಗಾಡಿ ಹೊರಡಿಸಿದಾಗ ಅಕ್ಕ ಹಿಂದಿನ ಚೌಕಟ್ಟಿಗೆ ಆಳೆತ್ತರದ ಎರಡು ಗಾಜು ಕಟ್ಟಿಸಿದಳು. ಖಾಲಿ ಗಾಡಿಯನ್ನು ನಂಬಬಾರದು ಎಂದಳು. ಆಮೇಲೆ ಮುಂದೆ ಹತ್ತಿ ಕೂತಳು. ಬೇಡವೆಂದರೂ ಕೇಳಲಿಲ್ಲ. ಮೇಸ್ತ್ರಿಯೂ ಆಕೆಯ ಪಕ್ಕಕ್ಕೆ ತೂರಿಕೊಂಡ. ಮೊದಲ ತಿರುವು ದಾಟಿತು. ಎರಡನೆಯ ತಿರುವಿನಲ್ಲಿ ಎದುರಿಗೆ ಕಲ್ಲಿನ ಲಾರಿ ಬಂತು. ತಮ್ಮ ಬ್ರೇಕನ್ನು ಪೂರಾ ಒತ್ತಲೇಬೇಕಾಯಿತು. ಮೂವರೂ ಹಿಂದಿನ ಸದ್ದಿಗೆ ಕಿವಿಗೊಟ್ಟರು. ಸ್ಟೀರಿಂಗ್ ನೆಟ್ಟಗಿತ್ತು. ಆಳದ ಅಂಚಿಗೆ ಒಂದು ಮೊಳ ದೂರದಲ್ಲಿ ಗಾಡಿ ತಾನು ಹೋಗುತ್ತಿದ್ದ ಗೆರೆಯಲ್ಲೇ ನಿಂತಿತು. ಮೇಸ್ತ್ರಿಯ ಕೈ ಹೆಂಡತಿಯ ಮುಂಗೈಯನ್ನು ಹಿಡಿದದ್ದು ಬುಡ ಮುಟ್ಟುವವರೆಗೂ ಬಿಡಲಿಲ್ಲವಂತೆ. ಇದನ್ನು ಹೇಳುವಾಗ ತಮ್ಮ ನಕ್ಕ.

ಪರೀಕ್ಷೆಯ ಅಧಿಕಾರಿ ದೀಪ ನೋಡಿದ, ಹಾರನ್ ಒತ್ತಿದ, ಬ್ರೇಕು ನೋಡಿದ. ಕೆಳಗೆ ಬಗ್ಗಿ ಎಣಿಸಿ ಮೂರು ಕ್ಷಣ ಇಣುಕಿ, "ಬಣ್ಣ ಹೊಸದಾ?" ಎಂದು ಕೇಳಿ ಮುದ್ರೆ ಒತ್ತಿದ. ಒಟ್ಟು ನಾಲ್ಕು ನಿಮಿಷ.

ಹನ್ನೆರಡೂಕಾಲಿಗೆ ಅವರು ಮರಳಿದಾಗ ನಾನು ಶೆಡ್ಡಿನ ಬಾಗಿಲಲ್ಲಿದ್ದೆ. ಗಾಜುಗಳಲ್ಲಿ ಬೀದಿಯ ಮನೆಗಳು ಒಡೆಯದೆ, ನೆಟ್ಟಗೆ ಕಾಣುತ್ತಿದ್ದವು. ಮೇಸ್ತ್ರಿ ಇಳಿದವನೇ ನೇರ ಬಾಗಿಲ ಬಳಿಗೆ ಬಂದು, ಆ ಇಟ್ಟಿಗೆಯನ್ನು ಎತ್ತಿ, ಎದುರಿನ ಖಾಲಿ ಜಾಗಕ್ಕೆ ಬೀಸಿ ಒಗೆಯಲು ಕೈಯೆತ್ತಿದ.

"ಇಡಿ ಅದನ್ನ ಅಲ್ಲಿ" ಎಂದಳು ದಾರದಕ್ಕ.

"ಯಾಕೆ? ಇನ್ನೂ ನನ್ನ ಮಾನ ಕಳೀಬೇಕಾ?"

"ನಾಡಿದ್ದು ತಮ್ಮನ ಮನೆಗೆ ಹೋಗ್ತೀನಿ, ನಾಲ್ಕು ದಿನ. ಈ ಸಲ ಮುನಿಸಿಲ್ಲ, ಬೆನ್ನು ನೋವು. ನಿಮಗೆ ಜೊತೆಗೆ ಯಾರಾದ್ರೂ ಬೇಕಲ್ಲ."

ಮೇಸ್ತ್ರಿ ಇಟ್ಟಿಗೆಯನ್ನು ಬಾಗಿಲಿಗೆ ಒತ್ತುಕೊಟ್ಟು ಇಟ್ಟ. ಮಾರ್ಚ್ 15ರಿಂದ 18ರವರೆಗೆ, ನಾಲ್ಕು ದಿನ, ಶೆಡ್ಡಿಗೆ ಮೂರು ಗಾಡಿ ಬಂದವು. ಮೂರನ್ನೂ ಆತ ದಿಮ್ಮಿಗಳ ಮೇಲೆ ಏರಿಸಿ ನಿಲ್ಲಿಸಿದ, ಒಂದನ್ನೂ ಅಳೆಯಲಿಲ್ಲ.